ಲೆಕ್ಕದಲ್ಲಿ ಫೇಲಾದವರು

ಮೇಷ್ಟ್ರಿಗೆ ನಮಸ್ಕಾರ.

ಯುದ್ಧದ ವರ್ಷ ನಿಮ್ಮ ಹತ್ತನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ದರ್ಜಿಯ ಮಗಳು ನಾನು. ಪಾಸಾದ ಹುಡುಗರನ್ನು ಸೇನೆಯ ಲಾರಿ ಶಾಲೆಯ ಗೇಟಿನಿಂದಲೇ ಹತ್ತಿಸಿಕೊಂಡು ಹೋಗುತ್ತಿತ್ತು. ಆ ವರ್ಷ ಹುಡುಗಿಯರೆಲ್ಲ ಪಾಸು, ಹುಡುಗರೆಲ್ಲ ಲೆಕ್ಕದಲ್ಲಿ ಫೇಲು. ಊರಿಗೆ ಊರೇ ನಿಮಗೆ ಹಿಡಿಶಾಪ ಹಾಕಿತು. ಆ ಫೇಲಾದವರಲ್ಲೊಬ್ಬರನ್ನೇ ನಾನು ಮದುವೆಯಾದದ್ದು. ಊಟಕ್ಕೆ ಕೂತಾಗ ಇವತ್ತಿಗೂ, “ಆ ಮೇಷ್ಟ್ರು ನನ್ನ ಬಾಳು ಹಾಳು ಮಾಡಿಬಿಟ್ರು ಕಣೇ” ಅನ್ನುತ್ತಾರೆ. ನಾನು ಇನ್ನೊಂದಿಷ್ಟು ಬಡಿಸುತ್ತೇನೆ.

ಕ್ಲಾಸಿಗೇ ಜಾಣ, ನಾವೆಲ್ಲ ‘ಕಡ್ಡಿ’ ಅನ್ನುತ್ತಿದ್ದ ಹುಡುಗ ಮಾತ್ರ ಪೇಪರು ಹಿಡಿದುಕೊಂಡು ನಿಮ್ಮ ಮೇಜಿನ ಮುಂದೆ ನಿಂತ. “ನನ್ನ ಲೆಕ್ಕ ಸರಿ ಇದೆ ಸಾರ್, ಮಾರ್ಕ್ಸ್ ಕೊಡಿ” ಎಂದು ಅತ್ತ. ಕೊನೆಗೆ ನೀವು ಕೊಟ್ಟಿರಿ. ಅವನು ಲಾರಿ ಹತ್ತಿದ. ಅವನ ಸೈಕಲ್ಲು ಇನ್ನೂ ಅವರಮ್ಮನ ಮನೆಯ ಮೆಟ್ಟಿಲ ಕೆಳಗೇ ಇದೆ.

ಮೊನ್ನೆ ನಮ್ಮ ಬೀದಿಗೆ ಮತ್ತೆ ಆ ಲಾರಿ ಬಂದಿತ್ತು.

ನನ್ನ ಮಗ ಈಗ ನಿಮ್ಮ ಕ್ಲಾಸಿನಲ್ಲೇ ಇದ್ದಾನೆ. ಲೆಕ್ಕದಲ್ಲಿ ಹುಲಿ. ಅವನ ಪೇಪರಿನಲ್ಲಿ ತಪ್ಪು ಹುಡುಕುವುದು ನಿಮಗೆ ಕಷ್ಟವಾದೀತು. ಆದರೂ ಹುಡುಕಿ. ಓದಿದ ಮೇಲೆ ಇದನ್ನು ಒಲೆಗೆ ಹಾಕಿಬಿಡಿ.

ಅವನೂ ಪೇಪರು ಹಿಡಿದುಕೊಂಡು ಬರುತ್ತಾನೆ ಸಾರ್, ಅತ್ತೇ ಅಳುತ್ತಾನೆ. ಕೊಡಬೇಡಿ.

ಇಂತಿ,
ಆ ವರ್ಷ ಪಾಸಾದ ನಿಮ್ಮ ಶಿಷ್ಯೆ