ತಮ್ಮನ ಹೆಸರಿನ ದೇಣಿಗೆ

ಮಾರ್ಚ್ ೧೪, ಗುರುವಾರ

ತಮ್ಮ ಹೋದ ದಿನ. ಈ ವರ್ಷವೂ ಅಕ್ಕ ಅವನ ಹೆಸರಿನಲ್ಲಿ ದೊಡ್ಡಾಸ್ಪತ್ರೆಯ ಹೃದ್ರೋಗ ಸಂಶೋಧನೆಗೆ ದೇಣಿಗೆ ಕೊಟ್ಟು ಬಂದಳು.

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬರುತ್ತಿದ್ದವನ ಹೃದಯಕ್ಕೆ ಏನೂ ಆಗಿರಲಿಲ್ಲ. ಅವನು ಆತ್ಮಹತ್ಯೆ ಮಾಡಿಕೊಂಡ. ಊರಿಗೆ ನಾವು ಹೃದಯಾಘಾತ ಎಂದೆವು. ಆ ಸುಳ್ಳಿಗೆ ಈಗ ನಾವೇ ವಂತಿಗೆ ತೆರುತ್ತಿದ್ದೇವೆ.

ಅದೇ ಆಸ್ಪತ್ರೆಯಲ್ಲಿ ಆತ್ಮಹತ್ಯೆ ತಡೆಯುವ ಬಗೆಗಿನ ಅಧ್ಯಯನ ಹಣವಿಲ್ಲದೆ ನಿಂತಿದೆ. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅಕ್ಕನಿಗೆ ತೋರಿಸಿದೆ.

"ಅಲ್ಲಿಗೆ ಕೊಟ್ರೆ ಜನ ಯಾಕೆ ಅಂತ ಕೇಳಲ್ವೇನೋ?"

"ಕೇಳ್ಲಿ ಬಿಡು."

"ನಿಂಗೇನಪ್ಪ, ಮಗಳ ಮದುವೆ ಮಾಡ್ಬೇಕಾದೋಳು ನಾನು."

ಅವನನ್ನು ಹತ್ತಿರದಿಂದ ಬಲ್ಲವರು ನಾವಿಬ್ಬರೇ ಉಳಿದಿದ್ದೇವೆ. ನಮ್ಮೊಳಗೂ ಅವನ ಬಗ್ಗೆ ಮಾತಿಲ್ಲ.

ನಾಳೆ ನಾನೇ ಹೋಗಿ ಆ ಅಧ್ಯಯನಕ್ಕೆ ಕೊಡುತ್ತೇನೆ. ಯಾರ ನೆನಪಿಗೆ ಎಂದು ಕೇಳಿದರೆ ಹೆಸರು ಹೇಳುತ್ತೇನೆ. ಅವರಿಗೆ ಏನಾಗಿತ್ತು ಎಂದು ಕೇಳಿದರೆ...