ತೊಳೆದಿಟ್ಟ ಮೆಷಿನ್

ಜೂನ್ 3, ಸೋಮವಾರ. ಬೆಳಿಗ್ಗೆ 9.40

ಮತ್ತೆ ಅದೇ ಪರೀಕ್ಷೆಯ ಕೆಲಸ. ವರ್ಚುವಲ್ ಮೆಷಿನ್ ತೆರೆ, ಇನ್ನೂ ಬಿಡುಗಡೆಯಾಗದ ಕೋಡ್ ಎಡಿಟರ್ (ಪ್ರೋಗ್ರಾಂ ಬರೆಯುವ ತಂತ್ರಾಂಶ) ಹಾಕು, ಓಡಿಸು, ತೆಗೆ, ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟ್‌ಗೆ ಮರಳಿಸು. ಕಂಪ್ಯೂಟರಿನೊಳಗೊಂದು ಸುಳ್ಳು ಕಂಪ್ಯೂಟರ್. ಹಾಳಾದರೂ ಚಿಂತೆಯಿಲ್ಲ, ಒಂದು ಗುಂಡಿ ಒತ್ತಿದರೆ ನಿನ್ನೆಯಂತಾಗುತ್ತದೆ. ನನ್ನ ಸೊಂಟಕ್ಕೂ ಇಂಥ ಸೌಲಭ್ಯ ಇದ್ದಿದ್ದರೆ...

ಗೋಡೆಯ ಮೇಲೆ ಗಡುವಯ್ಯನವರ ಆಜ್ಞೆ. (ನಮ್ಮ ಮುಖ್ಯಸ್ಥರು. ಹೆಸರು ನಾನಿಟ್ಟದ್ದು, ಬಾಯಿ ತೆರೆದರೆ ಬರುವುದು ಗಡುವೇ.) ಒಂದು: ಪ್ರತಿ ಪರೀಕ್ಷೆಗೂ ಮುನ್ನ ಮೆಷಿನ್ ಖಾಲಿ ಮಾಡಿ. ಎರಡು: ಹೊಸ ಆವೃತ್ತಿ ಮೆಷಿನ್ ಬಿಟ್ಟು ಹೊರಗೆ ಹೋಗಕೂಡದು.

ಎರಡನೆಯದನ್ನು ಮುರಿದಿದ್ದೇನೆ. ತಂಗಿಗೆ ಎಡಿಟರಿನ ಒಂದು ಪ್ರತಿ ಕೊಟ್ಟು ಹದಿನೈದು ದಿನವಾಯಿತು. "ಅಕ್ಕಾ, ಪ್ಲೀಸ್, ಪ್ರಾಜೆಕ್ಟ್ ಬೇಗ ಮುಗಿಯುತ್ತೆ" ಅಂದಳು. ಕರಗಿದೆ. ಬೆಣ್ಣೆಯ ಜಾತಿ ನಾನು.

ಜೂನ್ 6, ಗುರುವಾರ

ತಂಗಿಯ ಫೋನು. ಮೊದಲು ಮೂಗೆಳೆಯುವ ಸದ್ದು. ಎಡಿಟರ್ ಯಾಕೋ ತಡವರಿಸುತ್ತಿತ್ತಂತೆ. ತೆಗೆದು ಮತ್ತೆ ಹಾಕೋಣವೆಂದು ಅನ್‌ಇನ್‌ಸ್ಟಾಲ್ ಒತ್ತಿದಳಂತೆ. ಎಡಿಟರ್ ಹೋಯಿತು. ಜೊತೆಗೆ ಐದು ತಿಂಗಳ ಪ್ರಾಜೆಕ್ಟೂ.

"ಎಲ್ಲಿಟ್ಟಿದ್ದೆಯೇ?"

"ಎಡಿಟರ್ ಫೋಲ್ಡರಲ್ಲೇ. ಎಲ್ಲಾ ಒಂದೇ ಕಡೆ ಇದ್ರೆ ಹುಡುಕೋ ಕಷ್ಟ ಇಲ್ಲ ಅಂತ..."

"ಬೇರೆ ಪ್ರತಿ?"

"ನೀನು ಕೊಟ್ಟಿದ್ದಲ್ವಾ ಅಕ್ಕಾ. ಏನಾಗುತ್ತೆ ಅಂದ್ಕೊಂಡೆ."

ಇದರ ಬದಲು ಅವಳು ನನಗೆ ಎರಡು ಬಾರಿಸಿದ್ದರೆ ಹಾಯಾಗಿತ್ತು.

ಜೂನ್ 7, ಶುಕ್ರವಾರ

ದೋಷ ದಾಖಲಿಸಿದೆ — ತಂಗಿಯ ಸುದ್ದಿ ಬಿಟ್ಟು. "ಅನ್‌ಇನ್‌ಸ್ಟಾಲ್ ಮಾಡಿದರೆ ಬಳಕೆದಾರರ ಫೈಲುಗಳೂ ಅಳಿಯುತ್ತವೆ." ಎಡಿಟರ್ ತಯಾರಿಸುವ ತಂಡದವರು ಹನ್ನೊಂದೇ ನಿಮಿಷಕ್ಕೆ ಆ ದಾಖಲೆ ಮುಚ್ಚಿದರು: "ನಮ್ಮಲ್ಲಿ ಕಾಣುತ್ತಿಲ್ಲ."

ಹೇಗೆ ಕಂಡೀತು, ಮಹನೀಯರೇ? ತೊಳೆದಿಟ್ಟ ಮೆಷಿನ್. ಆ ಫೋಲ್ಡರಿನಲ್ಲಿ ಎಡಿಟರ್ ಬಿಟ್ಟರೆ ನರಪಿಳ್ಳೆಯಿಲ್ಲ. ಖಾಲಿ ಮನೆಗೆ ಕಳ್ಳನನ್ನು ಬಿಟ್ಟು, "ನೋಡಿ, ಏನೂ ಕದಿಯಲಿಲ್ಲ, ಎಂಥ ಸಜ್ಜನ!" ಎಂದು ಹೊಗಳಿದ ಹಾಗೆ. ಎರಡು ವರ್ಷದಿಂದ ಆ ಹೊಗಳಿಕೆಗೆ ಚಪ್ಪಾಳೆ ತಟ್ಟಿದವಳು ನಾನೇ. ಅದಕ್ಕೇ ಮೈಯೆಲ್ಲ ಉರಿ.

ಜೂನ್ 12, ಬುಧವಾರ

ಮೂರು ದಿನ ಕೂತು ಒಂದು ಕೊಳಕು ಮೆಷಿನ್ ಕಟ್ಟಿದೆ. ಮಗಳ ಶಾಲೆಯ ಫೋಟೋ, ಅತ್ತೆಯ ಕನ್ನಡಕದ ಚೀಟಿ, "ಕೊನೆಯದು", "ನಿಜವಾಗಿಯೂ ಕೊನೆಯದು" ಎಂಬ ಎರಡು ಫೈಲು — ಎಲ್ಲ ಎಡಿಟರ್ ಫೋಲ್ಡರಿಗೇ ತುರುಕಿದೆ. ಮನುಷ್ಯರು ಬಾಳುವ ಹಾಗೆ. ಅನ್‌ಇನ್‌ಸ್ಟಾಲ್ ಒತ್ತಿದೆ. ಗುಳುಂ. ಮರಳಿಸಿ ಮತ್ತೆ ಒತ್ತಿದೆ. ಗುಳುಂ. ನಾಲ್ಕು ಸಲ.

ಗಡುವಯ್ಯನವರನ್ನು ಕರೆದು ತೋರಿಸಿದೆ.

"ಏನ್ರೀ ಇದು, ಗುಜರಿ ಅಂಗಡಿ! ಮೊದಲು ಕ್ಲೀನ್ ಮಾಡ್ರೀ."

"ಕ್ಲೀನ್ ಮಾಡಿದ್ರೆ ದೋಷಾನೂ ಕಾಣ್ಸಲ್ಲ, ಸರ್."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ!"

ಇಡೀ ಕೋಣೆ ನಕ್ಕಿತು. ಪಕ್ಕದ ಮೇಜಿನವಳು ಕೂಡ. ನಿನ್ನೆ ನನ್ನ ಚಾರ್ಜರ್ ಎರವಲು ಪಡೆದವಳು.

"ಬುದ್ಧಿ ಇರೋರು ಯಾರಾದ್ರೂ ಅಲ್ಲಿ ತಮ್ಮ ಕೆಲಸ ಇಡ್ತಾರೇನ್ರೀ? ಅಂಥೋರು ಒಬ್ಬರನ್ನ ತೋರಿಸಿ, ಬಿಡುಗಡೆ ನಿಲ್ಲಿಸ್ತೀನಿ. ಇಲ್ಲಾಂದ್ರೆ ನಾಳೆ ನಾಲ್ಕಕ್ಕೆ ಬಿಡುಗಡೆಗೆ ನಿಮ್ಮ ಸಹಿ."

ಒಬ್ಬಳಿದ್ದಾಳೆ. ತೋರಿಸಿದರೆ, ಎಡಿಟರ್ ಅವಳ ಕೈ ಸೇರಿದ ದಾರಿಯನ್ನೂ ತೋರಿಸಬೇಕು. ಆಮೇಲೆ ನನಗೆ ಬಾಗಿಲು ತೋರಿಸುತ್ತಾರೆ.

ಜೂನ್ 13, ಗುರುವಾರ. ಮಧ್ಯಾಹ್ನ 1.15

ತಂಗಿಯ ಫೋನು. "ನನ್ನ ವಿಷಯ ಎತ್ಬೇಡ ಅಕ್ಕಾ, ನಿನ್ನ ಕೆಲಸಕ್ಕೆ ಕುತ್ತು. ನಾನು ಮೊದಲಿಂದ ಬರೀತಿದೀನಿ." ಈ ಸಲ ಮೂಗೆಳೆಯಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ನಾಳೆಯಿಂದ ಇನ್ನೆಷ್ಟು ಜನ ಮೊದಲಿಂದ ಬರೆಯಬೇಕೋ!

3.45

ಸಹಿಯ ಹಾಳೆ ಮೇಜಿನ ಮೇಲಿದೆ. ಗಡುವಯ್ಯನವರು ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟು ಹೋಗಿದ್ದಾರೆ. ಅಷ್ಟು ಉಪಕಾರ.

ಹಾಳೆ ಸರಿಸಿದೆ. ಅವರೇ ಕೊಟ್ಟ ಪೆನ್ನು, ಈಗ ಈ ಡೈರಿಗೆ. ಅವರು ಮುಚ್ಚಿದ ದೋಷದ ದಾಖಲೆಯನ್ನು ಮತ್ತೆ ತೆರೆಯುತ್ತೇನೆ. ಅದಕ್ಕೆ ಮುಂಚೆ ಇಲ್ಲೊಮ್ಮೆ ಬರೆದು ನೋಡುವೆ.

"ಒಬ್ಬರನ್ನು ತೋರಿಸಿ ಎಂದಿರಿ. ನನ್ನ ತಂಗಿ. ಬುದ್ಧಿ ಇದೆ. ಐದು ತಿಂಗಳ ಕೆಲಸ ಇತ್ತು, ಈಗಿಲ್ಲ. ಆವೃತ್ತಿಯನ್ನು ಅವಳಿಗೆ ಕೊಟ್ಟವಳು ನಾನೇ."