ಛತ್ರದ ಒಡತಿ

ಡಿಸೆಂಬರ್ 9, ಮಂಗಳವಾರ. ಬಾಂಬೆರ್ಗ್.

ಕಾಸೆಲ್‌ನ ಕಲಾಸಂಘದ ಬಸ್ಸು. ಇಪ್ಪತ್ತಾರು ಜನ, ನಾಲ್ಕು ರಾತ್ರಿ. ಹೋಟೆಲ್ ನದಿಯ ಈಚೆ. ಹುಟ್ಟಿದ ಊರಿನಲ್ಲಿ ಹೋಟೆಲ್ ರೂಮು ಹಿಡಿದದ್ದು ಇದೇ ಮೊದಲು. ಸೇತುವೆ ದಾಟಿ ಹತ್ತು ನಿಮಿಷ ನಡೆದರೆ ತಮ್ಮ ಒಟ್ಮಾರ್‌ನ ಮನೆ. ಅಮ್ಮ ಅವನ ಜೊತೆ. ನಾನು ಬಂದದ್ದು ಇಬ್ಬರಿಗೂ ಗೊತ್ತಿಲ್ಲ.

ದಾರಿಯಲ್ಲಿ ಹಂಗೇರಿಯ ಕಾದಂಬರಿ, ಅನುವಾದ. ನಲವತ್ತು ಪುಟ. ಏನು ಓದಿದೆ ಎಂದು ಕೇಳಿದರೆ ಹೇಳಲಾರೆ.

ಪಕ್ಕದ ಸೀಟಿನಲ್ಲಿ ಫ್ರಾವ್ ವೆಂಡೆಲ್. ದಂತವೈದ್ಯರ ವಿಧವೆ. ಬಾಯಿಗೆ ಬಿಡುವಿಲ್ಲ.

"ಈ ಊರು ಮೊದ್ಲು ನೋಡಿದ್ರಾ?"

"ನೋಡಿದೀನಿ."

"ಹಂಗಾದ್ರೆ ಒಳ್ಳೇ ಊಟ ಎಲ್ಲಿ ಅಂತ ಹೇಳ್ರಿ. ಚರ್ಚು ಅವ್ರೇ ತೋರಿಸ್ತಾರೆ."

ಡಿಸೆಂಬರ್ 10, ಬುಧವಾರ. ಬೆಳಗ್ಗೆ 7.

ಒಟ್ಮಾರ್‌ನ ಪತ್ರ ಕೈಚೀಲದಲ್ಲೇ ಇದೆ. ನವೆಂಬರ್ 3ರದ್ದು. ಉತ್ತರ ಬರೆದಿಲ್ಲ. ವಿಷಯ ಮಾರ್ಚ್‌ನ ಪತ್ರದ್ದೇ — ಬೆನ್ನುಮೂಳೆಯ ಆಪರೇಷನ್ ಆಗಬೇಕು. ಆಮೇಲೆ ಮೂರು ತಿಂಗಳು ಏನೂ ಎತ್ತುವಂತಿಲ್ಲ. ಅಮ್ಮನನ್ನು ದಿನಾ ಎತ್ತಿ ಕೂರಿಸಬೇಕು, ಕಣ್ಣು ಪೂರ್ತಿ ಹೋಗಿದೆ. "ಅಷ್ಟು ದಿನ ನೀನಿಟ್ಕೊಳ್ಳಕ್ಕ."

ಮಾರ್ಚ್‌ನಲ್ಲಿ ಬರೆದಿದ್ದೆ: ನನ್ನಲ್ಲಿ ಜಾಗವಿಲ್ಲ. ಎರಡು ಕೋಣೆ, ಒಂದರ ತುಂಬ ಪುಸ್ತಕ. ಅವನು ಆಪರೇಷನ್ ಮುಂದಕ್ಕೆ ಹಾಕಿದ. ಹೊಸ ತಾರೀಖು ಜನವರಿ 12. ಮತ್ತೆ ಮುಂದಕ್ಕೆ ಹೋದರೆ ಬಲಗಾಲು ಉಳಿಯುವುದಿಲ್ಲ ಎಂದಿದ್ದಾರಂತೆ ಡಾಕ್ಟರು.

ತಿಂಡಿಗೆ ಕರೆಯುತ್ತಿದ್ದಾರೆ.

ಸಂಜೆ 6.

ಬೆಳಗ್ಗೆ ಕಥೀಡ್ರಲ್. ಕಲ್ಲಿನ ಕುದುರೆ ಸವಾರ. ಅದು ಯಾರ ಮುಖವೆಂದು ಎಂಟುನೂರು ವರ್ಷಗಳಿಂದ ಯಾರಿಗೂ ತಿಳಿಯದು. "ನಮ್ಮೆಜಮಾನ್ರೇ ಇರ್ಬೇಕು," ಎಂದರು ಫ್ರಾವ್ ವೆಂಡೆಲ್. "ನಾ ಮಾತಾಡೋವಾಗ ಹಿಂಗೇ ಎಲ್ಲೋ ನೋಡ್ತಿದ್ರು."

ಮಧ್ಯಾಹ್ನದಿಂದ ಗೋದಲಿಗಳು, ಯೇಸು ಹುಟ್ಟಿದ ಕಥೆಯ ಗೊಂಬೆ ಜೋಡಣೆಗಳು. ಈ ಊರಿನಲ್ಲಿ ಚರ್ಚಿಗೊಂದು, ವಾರಕ್ಕೊಂದು ದೃಶ್ಯ. ಪಟ್ಟಿಯಲ್ಲಿ ಮೂರನೆಯದು ನಮ್ಮ ಹಳೆಯ ಚರ್ಚು. ಕಾಸೆಲ್ ಬಿಡುವಾಗಲೇ ಗೊತ್ತಿತ್ತು. ಅಲ್ಲಿಯ ಗೊಂಬೆಗಳನ್ನು ಕೆತ್ತುವವನು ಒಟ್ಮಾರ್, ವೃತ್ತಿಯಲ್ಲಿ ಬಡಗಿ.

ತೋರಿಸಿದವರು ಚರ್ಚು ನೋಡಿಕೊಳ್ಳುವ ಹೆರ್ ಡೋರ್ಷ್. ನಾನು ಊರು ಬಿಟ್ಟ ಮೇಲೆ ಬಂದವರು.

"ಕುರುಬರೆಲ್ಲ ನಮ್ಮ ಬೀದಿಯವ್ರೇ. ಇವ್ನು ಬ್ರೆಡ್ ಅಂಗಡಿಯವ್ನು. ಒಂಟೆ ಹಿಡ್ಕೊಂಡೋನು ನಾನು. ಮೂಗು ಒಂಚೂರು ಜಾಸ್ತಿ ಮಾಡಿದಾನೆ ಬಡಗಿ, ನನ್ಮೇಲೆ ಏನೋ ಸಿಟ್ಟಿತ್ತು. ಛತ್ರದ ಒಡೆಯನಾಗಿ ಹೋದ ವರ್ಷದ ತನಕ ಗಂಡಸಿದ್ದ. ಈ ಸಲ ಹೆಂಗಸು. ಹೊಸಬ್ಳು."

ಒಂದು ಗೇಣು ಎತ್ತರ. ಚಾಚಿದ ಬಲಗೈ ಬಾಗಿಲ ಅಂಚಿನ ಮೇಲೆ. ಹೊರಗೆ ರಾತ್ರಿ ತಂಗಲು ಜಾಗ ಕೇಳುವ ತುಂಬುಬಸುರಿ ಮರಿಯ, ಜೋಸೆಫ. ಜಾಗವಿಲ್ಲ ಎನ್ನುವವಳು ಇವಳು. ನನ್ನ ಮೂಗು. ನನ್ನ ಗದ್ದ. ಎಡಹುಬ್ಬು ನನ್ನದರಂತೆಯೇ ನಡುವೆ ಸೀಳಿದೆ — ಆಗ ನನಗೆ ಒಂಬತ್ತು, ಒಟ್ಮಾರ್‌ಗೆ ಏಳು, ಹಿಮಬಂಡಿ ತಳ್ಳಿದವನು ಅವನೇ.

"ಅಯ್ಯೋ, ಫ್ರಾವ್ ಶೆಪ್, ಥೇಟ್ ನೀವೇ ಕಣ್ರೀ! ಕನ್ನಡಕ ಒಂದಿಲ್ಲ ಅಷ್ಟೆ." ಫ್ರಾವ್ ವೆಂಡೆಲ್.

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಕೆಲಸ ಚೆನ್ನಾಗಿದೆ. ಕೂದಲಿನ ಗೆರೆಗಳು ವಿಶೇಷವಾಗಿ.

ಡಿಸೆಂಬರ್ 12, ಶುಕ್ರವಾರ. ಮಧ್ಯಾಹ್ನ 3.

ನಿನ್ನೆ ಗುಂಪು ಚಿತ್ರಶಾಲೆಗೆ ಹೋಯಿತು. ತಲೆನೋವು ಎಂದೆ. ನೋವಿರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದೆ. ನದಿಯಲ್ಲಿ ಹನ್ನೊಂದು ಬಾತುಕೋಳಿ.

ಇವತ್ತು ಒಬ್ಬಳೇ ಚರ್ಚಿಗೆ ಹೋದೆ. ಹೆರ್ ಡೋರ್ಷ್ ಗೋದಲಿಯ ನೆಲಕ್ಕೆ ಹಾಸಿದ ಪಾಚಿಗೆ ನೀರು ಚಿಮುಕಿಸುತ್ತಿದ್ದರು. ಛತ್ರದವಳು ಯಾರೆಂದು ಕೇಳಿದೆ.

"ಬಡಗಿಯ ಅಕ್ಕ ಅಂತೆ. ದೂರ ಎಲ್ಲೋ ಇರೋದು." ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಮತ್ತೆ ಪಾಚಿಗೆ ತಿರುಗಿದರು.

"ಅವ್ನ ತಾಯಿ ಗುರುವಾರ ಗುರುವಾರ ಬರ್ತಾರೆ, ಗಾಲಿಕುರ್ಚೀಲಿ. ಕಣ್ಣಿಲ್ಲ ಪಾಪ. ಒಂದೊಂದೇ ಗೊಂಬೆ ತೆಗ್ದು ಕೈಗೆ ಕೊಡ್ತೀನಿ, ಮುಟ್ಟಿ ನೋಡ್ತಾರೆ. ಇದೊಂದು ಕೊಡ್ಬೇಡ ಅಂದಿದ್ದ ಮಗ. ನಿನ್ನೆ ಮರೆತು ಕೊಟ್ಬಿಟ್ಟೆ."

ಆಮೇಲೆ ಏನಾಯಿತೆಂದು ಕೇಳಿದೆ.

"ಹುಬ್ಬು ಸಿಕ್ಕಿದ್ದೇ ತಡ — 'ನಮ್ಮ ಇರ್ಮಿ!' ಅಂದ್ರು. ಕೈ ಚಾಚಿದಾಳಲ್ಲ, ಏನು ಹಿಡ್ಕೊಂಡಿದಾಳೆ ಅಂತ ಕೇಳಿದ್ರು. ಬಾಗಿಲು ಅಂದೆ."

"ಅದಕ್ಕೇನಂದ್ರು?"

"'ಮತ್ತೆ, ತೆಗೀದೆ ಇರ್ತಾಳಾ, ಹೊರಗೆ ಇಷ್ಟು ಚಳಿ ಇರೋವಾಗ' ಅಂದ್ರು. ಮುಚ್ತಿದಾಳೆ ಅಂತ ಹೆಂಗೆ ಹೇಳ್ಲಿ. ಬಡಗಿ ಅಂತೂ ಗೋಡೆ ಕಡೆ ತಿರುಗಿ ನಿಂತ್ಬಿಟ್ಟ. ಕಾಲು ಎಳೀತಾನೆ ಈಗ, ನೋಡೋಕಾಗಲ್ಲ."

ಥ್ಯಾಂಕ್ಸ್ ಹೇಳಿ ಬಂದೆ. ಹೊರಗೆ ಮೈನಸ್ ಎರಡು.

ಸಂಜೆ 5.

ಬಸ್ಸು ನಾಳೆ ಒಂಬತ್ತೂವರೆಗೆ. ಕೆಳಗೆ ಗುಂಪು ಈ ಊರಿನ ಹೊಗೆ ವಾಸನೆಯ ಬಿಯರ್ ರುಚಿ ನೋಡಲು ಹೊರಟಿದೆ. ಬರುವುದಿಲ್ಲ ಎಂದೆ.

ಮನಸ್ಸು ಕರಗಿತು ಎಂದು ಬರೆಯಲಾರೆ. ಕರಗಿಲ್ಲ. ಅಳುವೂ ಬರಲಿಲ್ಲ. ಪುಸ್ತಕದ ಕೋಣೆ ಮೂರು ಮೀಟರ್ ಇಪ್ಪತ್ತು, ಎರಡು ಮೀಟರ್ ಎಂಬತ್ತು. ಎಡಗೋಡೆಯ ಎರಡು ಕಪಾಟು ತೆಗೆದರೆ ಮಂಚ ಹಿಡಿಸುತ್ತದೆ, ಗಾಲಿಕುರ್ಚಿ ತಿರುಗುತ್ತದೆ. ಮಾರ್ಚ್‌ನಲ್ಲೂ ಹಿಡಿಸುತ್ತಿತ್ತು. ಆಗಲೂ ಅಳೆದಿದ್ದೆ.

ನಾಳೆ ಎಂಟಕ್ಕೆ ಸೇತುವೆ ದಾಟುವುದು. ಜನವರಿ 11ರಿಂದ ಅಮ್ಮ ನನ್ನಲ್ಲಿ. ಗೊಂಬೆಯ ಮಾತು ಎತ್ತುವುದಿಲ್ಲ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಅದೂ ಇಲ್ಲ. ಒಟ್ಮಾರ್ ಏನಾದರೂ ಅನ್ನುವ ಮೊದಲು, ಅಂಗಳದಲ್ಲೇ ನಿಂತು, ತಾರೀಖು ಮಾತ್ರ ಹೇಳಿ ಬಸ್ಸಿಗೆ ಬರುವುದು.